ಬೆಳಿಗ್ಗೆ ಆರಕ್ಕೆ ಡೈರಿ ಹತ್ತಿರ ಬನ್ನಿ: ಮಂಡ್ಯ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಂಡ್ಯದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತ್ ಸಿಇಒ ಅವರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಸಹಕಾರ ಇಲಾಖೆಯವರಿಗೆ, ನಮಸ್ಕಾರ.

ನಾಲ್ಕು ಜನಕ್ಕೂ ಸೇರಿಸಿ ಒಂದೇ ಪತ್ರ ಬರೆಯೋದಕ್ಕೆ ಕಾರಣ ಇದೆ. ಬೇರೆ ಬೇರೆ ಬರೆದರೆ ನಾಲ್ಕೂ ಕಡೆಯಿಂದ "ಇದು ನಮಗೆ ಬರಲ್ಲ, ಪಕ್ಕದ ಆಫೀಸಿಗೆ ಕೊಡಿ" ಅನ್ನೋ ಉತ್ತರ ಬರುತ್ತದೆ. ಅದನ್ನು ಕೇಳಿ ಕೇಳಿ ಸಾಕಾಗಿದೆ. ಹಾಗಾಗಿ ಎಲ್ಲರೂ ಒಟ್ಟಿಗೆ ಓದಿಕೊಳ್ಳಿ, ಆಮೇಲೆ ಯಾರಿಗೆ ಬರುತ್ತದೆ ಅಂತ ನೀವೇ ಮಾತಾಡಿಕೊಳ್ಳಿ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ತಿಂಗಳಿಗೆ ಒಂದು ದಿನ, ಬೆಳಿಗ್ಗೆ ಆರು ಗಂಟೆಗೆ, ಊರಿನ ಹಾಲಿನ ಡೈರಿ ಮುಂದೆ ಒಂದು ಟೇಬಲ್ ಹಾಕಿ. ಒಂದು ಬಿಪಿ ಮಿಷನ್, ಒಂದು ಶುಗರ್ ಮಿಷನ್, ತಿಂಗಳಿಗಾಗುವಷ್ಟು ಮಾತ್ರೆ, ಆಸ್ಪತ್ರೆ ಖರ್ಚಿಗೆ ಇರುವ ಯಶಸ್ವಿನಿ ಮತ್ತು ಆಯುಷ್ಮಾನ್ ಕಾರ್ಡಿನ ಬಗ್ಗೆ ಗೊತ್ತಿರುವ ಒಬ್ಬರು, ಸಾಲದ ನಿಯಮ ಗೊತ್ತಿರುವ ಒಬ್ಬರು. ಇಷ್ಟೇ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ, ಶಾಮಿಯಾನ ಅಂತೂ ಬೇಡವೇ ಬೇಡ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನನ್ನದು ಮದ್ದೂರು ಕಡೆಯ ಒಂದು ಹೋಬಳಿಯಲ್ಲಿ ಮೆಡಿಕಲ್ ಶಾಪ್. ಮೆಡಿಕಲ್ ಇಟ್ಟವನಿಗೆ ಊರಿನ ಕಾಯಿಲೆ ಜೊತೆಗೆ ಊರಿನ ದುಡ್ಡಿನ ಕಥೆಯೂ ಗೊತ್ತಿರುತ್ತದೆ. ಯಾರ ಮನೆಯಲ್ಲಿ ಬಟವಾಡೆ ಬಂತು, ಯಾರಿಗೆ ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ, ಯಾರ ಮಗ ಬೆಂಗಳೂರಿಂದ ಫೋನ್ ಪೇ ಮಾಡಿದ, ಎಲ್ಲ ಗೊತ್ತಾಗುತ್ತದೆ. ನಾವು ಕೇಳೋದೇ ಬೇಡ, ಮಾತ್ರೆ ಕೇಳುವ ರೀತಿಯಲ್ಲೇ ತಿಳಿದುಬಿಡುತ್ತದೆ.

ಡಾಕ್ಟರು ಮೂವತ್ತು ದಿನಕ್ಕೆ ಬರೆದಿರುತ್ತಾರೆ. ಬಂದವರು ಚೀಟಿಯನ್ನು ಮಡಿಸಿ ಕೈಯಲ್ಲೇ ಇಟ್ಟುಕೊಂಡು "ಸದ್ಯಕ್ಕೆ ಐದು ಕೊಡಣ್ಣ" ಅನ್ನುತ್ತಾರೆ. ಐದು ಮಾತ್ರೆ. ಶುಗರಿನ ಮೆಟ್‌ಫಾರ್ಮಿನ್ ಆದರೂ ಐದು, ಬಿಪಿಯ ಅಮ್ಲೋಡಿಪಿನ್ ಆದರೂ ಐದು. ಕತ್ತರಿ ತೆಗೆದುಕೊಂಡು ಪಟ್ಟಿಯನ್ನು ಕತ್ತರಿಸುತ್ತೇವೆ. ಎಕ್ಸ್‌ಪೈರಿ ಡೇಟ್ ಇರುವ ತುದಿಯನ್ನು ನಾವು ಇಟ್ಟುಕೊಳ್ಳುತ್ತೇವೆ, ಇನ್ನೊಂದು ತುದಿ ಅವರಿಗೆ. ಹಾಗೆ ಕತ್ತರಿಸಿ ಉಳಿದ ತುಂಡುಗಳಿಗೇ ನನ್ನ ಹತ್ತಿರ ಒಂದು ಡಬ್ಬಿ ಇದೆ. ತಿಂಗಳ ಕೊನೆಗೆ, ಸಾಲದ ಸಂಘದ ಕಂತು ಕಟ್ಟುವ ವಾರ, ಮಕ್ಕಳ ಸ್ಕೂಲ್ ಫೀಸಿನ ಜೂನ್ ತಿಂಗಳಲ್ಲಿ ಆ ಡಬ್ಬಿ ತುಂಬಿರುತ್ತದೆ. ನಿಮ್ಮ ಯಾವ ಸರ್ವೇನೂ ಬೇಕಿಲ್ಲ, ಜಿಲ್ಲೆಯ ಸಾಲದ ಸ್ಥಿತಿ ನೋಡಬೇಕು ಅಂದ್ರೆ ಅಂಥ ಡಬ್ಬಿಗಳನ್ನು ನೋಡಿದರೆ ಸಾಕು.

ಇನ್ನೂ ಒಂದು ವಿಷಯ. ಐದು ಮಾತ್ರೆಯನ್ನು ಐದೇ ದಿನಕ್ಕೆ ನುಂಗುತ್ತಾರೆ ಅಂದುಕೊಂಡಿರಾ? ಇಲ್ಲ. ತಲೆ ಸುತ್ತಿದ ದಿನ ಒಂದು, ಬಾಡೂಟ ಇದ್ದ ದಿನ ಒಂದು, ಹಬ್ಬಕ್ಕೆ ಹೋಳಿಗೆ ತಿಂದರೆ ಎರಡು. ಶುಗರ್ ಮಾತ್ರೆ ಅಂದ್ರೆ ತಿಂದ ತಪ್ಪಿಗೆ ಕಟ್ಟುವ ದಂಡ ಅಂತ ನಮ್ಮವರು ತಿಳಿದುಕೊಂಡಿದ್ದಾರೆ. ಬಿಪಿಗಂತೂ ನೋವು ಇಲ್ಲ, ಹುಣ್ಣು ಇಲ್ಲ, "ಚೆನ್ನಾಗಿದ್ದೀನಲ್ಲ, ಯಾಕೆ ನುಂಗಲಿ" ಅನ್ನೋದೇ ಮಾತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮಾಡಿದ ದೊಡ್ಡ ಅಧ್ಯಯನ 2023ರಲ್ಲಿ ಹೊರಬಂತು. ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಸಕ್ಕರೆ ಕಾಯಿಲೆ, ದೊಡ್ಡವರಲ್ಲಿ ನೂರಕ್ಕೆ 35 ಜನಕ್ಕೆ ಬಿಪಿ ಅಂತ ಅದು ಹೇಳುತ್ತದೆ. ಸಕ್ಕರೆ ಬೆಳೆಯುವ ಜಿಲ್ಲೆ ನಮ್ಮದು. 1933ರಿಂದ ಮೈಷುಗರ್ ಕಾರ್ಖಾನೆ ಇರುವ ಊರು. ಸಕ್ಕರೆ ಅಂದ್ರೆ ನಮಗೆ ಮೊದಲು ನೆನಪಾಗೋದು ಕಬ್ಬಿನ ಬಿಲ್ಲಿನ ದುಡ್ಡು, ಆಮೇಲೆ ಕಾಯಿಲೆ.

ಈಗ ತೂಕ ಇಳಿಸುವ ಪೌಡರ್‌ನವರ ವಿಷಯಕ್ಕೆ ಬರುತ್ತೇನೆ. ಇದನ್ನು ನೀವು ಗಮನ ಇಟ್ಟು ಓದಬೇಕು.

ನಮ್ಮ ಹೋಬಳಿಯಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ಒಂದು ಬಾಡಿಗೆ ರೂಮು ಇದೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುತ್ತದೆ. ಒಳಗೆ ಪ್ಲಾಸ್ಟಿಕ್ ಚೇರು, ಗೋಡೆಗೆ ತೆಳ್ಳಗಾದವರ ಫೋಟೋ, ಮೂಲೆಯಲ್ಲಿ ತೂಕದ ಮಿಷನ್. ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತಲೂ ಅದು ತೋರಿಸುತ್ತದೆ. ಹೋದವರಿಗೆ ಒಂದು ಲೋಟ ಪೌಡರ್ ಕದಡಿ ಕೊಡುತ್ತಾರೆ. ಯಾರಾದರೂ ಒಂದು ಕೆಜಿ ಇಳಿದಿದ್ದರೆ ಎಲ್ಲರೂ ಚಪ್ಪಾಳೆ. ಯಾರದಾದರೂ ಹುಟ್ಟಿದ ಹಬ್ಬ ಆದರೆ ಹಾಡು. ಒಂದು ಹದಿನೈದು ದಿನ ಕಳೆದ ಮೇಲೆ ನಿಧಾನಕ್ಕೆ ಇನ್ನೊಂದು ಮಾತು ಬರುತ್ತದೆ. "ಅಕ್ಕ, ನೀವು ಇಬ್ಬರನ್ನು ಸೇರಿಸಿ, ಅವರು ಇಬ್ಬರನ್ನು ಸೇರಿಸಲಿ, ಮನೆಯಲ್ಲಿ ಕೂತು ತಿಂಗಳಿಗೆ ಎಷ್ಟು ಬರುತ್ತೆ ನೋಡಿ." ಒಂದು ಡಬ್ಬಕ್ಕೆ ಸಾವಿರದ ಮೇಲೆ ಬೆಲೆ. ನನ್ನ ಹತ್ತಿರ ಐದು ಮಾತ್ರೆ ಕೊಂಡವರೇ ಅಲ್ಲಿ ಡಬ್ಬ ಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೆ ಸಂಘದಲ್ಲಿ ಸಾಲ ಎತ್ತಿದ್ದನ್ನೂ ಕೇಳಿದ್ದೇನೆ.

ಹಾಗೆ ಹೋಗುತ್ತಿದ್ದ ಒಬ್ಬ ಅಕ್ಕ ಬಿಪಿ ಮಾತ್ರೆ ನಿಲ್ಲಿಸಿದರು. "ಪೌಡರ್‌ನಲ್ಲೇ ಎಲ್ಲ ಕಂಟ್ರೋಲ್ ಆಗುತ್ತೆ ಅಂದ್ರು" ಅಂದರು. ಒಂದು ದಿನ ಸಂಜೆ ಅಂಗಡಿ ಕಟ್ಟೆ ಮೇಲೆ ತಲೆ ಹಿಡಿದುಕೊಂಡು ಕೂತರು, ಬಿಪಿ ನೋಡಿದರೆ 180ರ ಮೇಲೆ. ಆಟೋದಲ್ಲಿ ಮಂಡ್ಯಕ್ಕೆ ಕಳಿಸಿದೆವು, ಏನೂ ಆಗಲಿಲ್ಲ, ವಾಪಸ್ ಬಂದರು. ಬಂದ ಮೇಲೆ ನಾನು ಸ್ವಲ್ಪ ಜೋರಾಗೇ ಕೇಳಿದೆ, ಯಾಕಕ್ಕ ಅಲ್ಲಿಗೆ ಹೋಗ್ತೀರ, ಏನಿದೆ ಅಲ್ಲಿ ಅಂತ. ಅವರು ಹೇಳಿದ್ದು ಇಷ್ಟೇ: "ಅಲ್ಲಿ ನನ್ನ ಹೆಸರು ಹಿಡಿದು ಕರೀತಾರಣ್ಣ. ಒಂದಿನ ಹೋಗದಿದ್ರೆ ಯಾಕೆ ಬರ್ಲಿಲ್ಲ ಅಂತ ಫೋನ್ ಮಾಡ್ತಾರೆ."

ಇದಕ್ಕೆ ನಾನು ಏನು ಹೇಳಲಿ ಸ್ವಾಮಿ?

ಕಾನೂನು ಇದೆ, ನನಗೆ ಗೊತ್ತು. ಸಕ್ಕರೆ ಕಾಯಿಲೆ, ಬಿಪಿ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಮಾಡಬಾರದು ಅಂತ 1954ರ ಕಾಯ್ದೆಯೇ ಹೇಳುತ್ತದೆ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಸರಪಳಿ ವ್ಯಾಪಾರ ಮಾಡಬಾರದು, ಸೇರುವುದಕ್ಕೆ ಫೀಸು ತೆಗೆದುಕೊಳ್ಳಬಾರದು ಅಂತ 2021ರ ನೇರ ಮಾರಾಟ ನಿಯಮಗಳಲ್ಲಿದೆ. ಆದರೆ ಗೋಡೆ ಮೇಲೆ ಬರೆದರೆ ತಾನೇ ಜಾಹೀರಾತು, ಕಿವಿಯಲ್ಲಿ ಹೇಳಿದರೆ? ನೀವು ಒಂದು ರೂಮು ಮುಚ್ಚಿಸಿದರೆ ಮುಂದಿನ ಬೀದಿಯಲ್ಲಿ ಇನ್ನೊಂದು ತೆರೆಯುತ್ತದೆ. ನನ್ನ ಮಾತು ಮುಚ್ಚಿಸುವ ಬಗ್ಗೆ ಅಲ್ಲ. ಅವರಿಗೆ ಗೊತ್ತಿರುವ ಒಂದು ವಿಷಯ ನಿಮಗೆ ಇನ್ನೂ ಗೊತ್ತಾಗಿಲ್ಲ ಅನ್ನೋದೇ ನನ್ನ ಸಂಕಟ.

ಏನದು ಅಂದ್ರೆ, ಮನುಷ್ಯ ಆರೋಗ್ಯ ಬೇರೆ, ದುಡ್ಡು ಬೇರೆ, ನಾಲ್ಕು ಜನದ ಒಡನಾಟ ಬೇರೆ ಅಂತ ಮೂರು ಅರ್ಜಿ ಹಿಡಿದುಕೊಂಡು ಓಡಾಡುವುದಿಲ್ಲ. ಮೂರೂ ಒಂದೇ ಕಡೆ ಸಿಗುತ್ತದೆ ಅಂತ ಕಂಡರೆ ಅಲ್ಲಿಗೇ ಹೋಗುತ್ತಾನೆ. ಪೌಡರ್‌ನವರು ಮೂರನ್ನೂ ಒಂದೇ ರೂಮಿನಲ್ಲಿ ತೋರಿಸುತ್ತಾರೆ, ಅದೂ ಬೆಳಿಗ್ಗೆ ಆರಕ್ಕೆ, ಕೆಲಸಕ್ಕೆ ಹೋಗುವ ಮೊದಲು. ನೀವು? ಬಿಪಿಗೆ ಆರೋಗ್ಯ ಕೇಂದ್ರ, ಕಾರ್ಡಿಗೆ ಗ್ರಾಮ ಒನ್ ಸೇವಾ ಕೇಂದ್ರ, ಸಾಲದ ದೂರಿಗೆ ಪೊಲೀಸ್ ಸ್ಟೇಷನ್, ಯಶಸ್ವಿನಿಗೆ ಸೊಸೈಟಿ. ಸ್ಟೇಷನ್ ಒಂದು ಬಿಟ್ಟರೆ ಎಲ್ಲವೂ ಒಂಬತ್ತು, ಹತ್ತು ಗಂಟೆ ಮೇಲೆ. ಕೂಲಿಗೆ ಹೋಗುವ ಹೆಂಗಸು ಹತ್ತು ಗಂಟೆಗೆ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುತ್ತಿರುತ್ತಾಳೆ. ಗಾರ್ಮೆಂಟ್ಸ್‌ಗೆ ಹೋಗುವವಳು ಏಳೂವರೆಗೇ ಬಸ್ ಹತ್ತಿರುತ್ತಾಳೆ. ಒಂದು ಬಿಪಿ ನೋಡಿಸಿಕೊಳ್ಳೋದಕ್ಕೆ ಒಂದು ದಿನದ ಕೂಲಿ ಬಿಡಬೇಕು. ಮಾತ್ರೆ ಬಿಟ್ಟಿ ನಿಜ, ಆದರೆ ಆ ದಿನ ಬಿಟ್ಟಿ ಅಲ್ಲವಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತ ಬೈಯುವುದಕ್ಕೆ ಕೂತವನಲ್ಲ ನಾನು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಆಯಿತು. ಅದೇ ವರ್ಷ ಆಗಸ್ಟ್ ಕೊನೆಗೆ ಮೈಸೂರಲ್ಲೇ ಗೃಹಲಕ್ಷ್ಮಿ ಶುರು ಮಾಡಿದರು, ಮನೆ ಯಜಮಾನಿಗೆ ತಿಂಗಳಿಗೆ 2,000. ಕಟ್ಟೆ ಮೇಲೆ ಕೂತು ಇದನ್ನು ಆಡಿಕೊಳ್ಳುವ ಗಂಡಸರು ಬೇಕಾದಷ್ಟು ಇದ್ದಾರೆ, ಇರಲಿ ಬಿಡಿ. ನನ್ನ ಅಂಗಡಿಯಲ್ಲಿ ಆಗಿದ್ದು ಏನು ಅಂದ್ರೆ, ಗಂಡನನ್ನು ಕೇಳದೆ ಪೂರ್ತಿ ಪಟ್ಟಿ ಮಾತ್ರೆ ಕೊಳ್ಳುವ ಹೆಂಗಸರು ಹುಟ್ಟಿಕೊಂಡರು. ಹಣ ತಡವಾದ ತಿಂಗಳು ಮತ್ತೆ ಐದೈದೇ. ಇನ್ನು ಬಸ್ಸು: ಮೊದಲೆಲ್ಲ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗು ಅಂದ್ರೆ "ಹೋಗಿ ಬರೋ ಖರ್ಚು ಯಾರು ಕೊಡ್ತಾರೆ" ಅಂತಿದ್ದ ಅಜ್ಜಿಯರು ಈಗ ಆಧಾರ್ ಕಾರ್ಡ್ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಡುತ್ತಾರೆ, ಬರುವಾಗ ತಂಗಿ ಮನೆಗೂ ಹೋಗಿ, ದೇವಸ್ಥಾನಕ್ಕೂ ಹೋಗಿ, ಮಡಿಲಲ್ಲಿ ಪ್ರಸಾದ ತರುತ್ತಾರೆ. ಆಸ್ಪತ್ರೆಗೆ ಅಂತ ಹೋದವರು ಅರ್ಧ ವಾಸಿ ಆಗೋದು ತಂಗಿ ಮನೆಯಲ್ಲಿ. ಇದನ್ನು ಯಾವ ಇಲಾಖೆ ಲೆಕ್ಕಕ್ಕೆ ಹಿಡಿಯುತ್ತದೆ ಹೇಳಿ.

ಸಾಲದ ಸಂಘದ ವಿಷಯ ಹೇಳದಿದ್ದರೆ ಪತ್ರ ಪೂರ್ತಿ ಆಗುವುದಿಲ್ಲ.

ಸಂಘ ಅಂದ್ರೆ ಬರೀ ಸಾಲ ಅಂತ ತಿಳಿಯಬೇಡಿ. ಮೈಕ್ರೋ ಫೈನಾನ್ಸ್‌ನವರು ಬರುವ ದಿನ ಹತ್ತು ಹದಿನೈದು ಹೆಂಗಸರು ಒಂದು ಮನೆ ಜಗಲಿ ಮೇಲೆ ಕೂರುತ್ತಾರೆ. ಕಂತು ಕಟ್ಟುತ್ತಾರೆ, ಜೊತೆಗೆ ಸೊಸೆ ವಿಷಯ, ಹಸು ಈದ ವಿಷಯ, ಮದುವೆ ಮುಯ್ಯಿ ವಿಷಯ ಎಲ್ಲ ಮಾತಾಡುತ್ತಾರೆ. ಎಷ್ಟೋ ಜನಕ್ಕೆ ವಾರದಲ್ಲಿ ಅದೊಂದೇ ಕೂತು ಮಾತಾಡುವ ಹೊತ್ತು. ಆದರೆ ಒಬ್ಬಳು ಕಟ್ಟದಿದ್ದರೆ ಉಳಿದವರು ಸೇರಿಸಿ ಕಟ್ಟಬೇಕು. ಅಲ್ಲಿಗೆ ಸ್ನೇಹ ಮುಗಿಯಿತು. ನಿನ್ನೆವರೆಗೆ ಹಿಟ್ಟು ಸಾಲ ಕೇಳುತ್ತಿದ್ದವಳ ಮನೆ ಮುಂದೆ ಹೋಗಿ ಕೂಗಾಡಬೇಕು. ಒಂದು ಸಾಲ ತೀರಿಸಲು ಇನ್ನೊಂದು ಸಂಘ, ಅದಕ್ಕೆ ಮತ್ತೊಂದು. ಆಮೇಲೆ ನಿದ್ದೆ ಇಲ್ಲ, ಊಟ ಸೇರಲ್ಲ, ನನ್ನ ಅಂಗಡಿಗೆ ಬಂದು "ನಿದ್ದೆ ಮಾತ್ರೆ ಇದ್ಯಾ" ಅಂತ ಮೆಲ್ಲಗೆ ಕೇಳುತ್ತಾರೆ. ಡಾಕ್ಟರ್ ಚೀಟಿ ಇಲ್ಲದೆ ಕೊಡಲ್ಲ ಅಂದರೆ ಗ್ಯಾಸ್‌ಗೆ ಏನಾದ್ರೂ ಕೊಡು ಅಂತಾರೆ. ಈ ಜಿಲ್ಲೆಯಲ್ಲಿ ಗ್ಯಾಸ್ ಮಾತ್ರೆ ಇಷ್ಟು ಖರ್ಚಾಗುವುದಕ್ಕೆ ಮುದ್ದೆ ಸಾರು ಕಾರಣ ಅಲ್ಲ.

2025ರ ಶುರುವಿನಲ್ಲಿ ಮಂಡ್ಯ, ಮೈಸೂರು, ಚಾಮರಾಜನಗರ ಕಡೆ ಸಾಲ ವಸೂಲಿಯವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ನೀವೂ ಓದಿದ್ದೀರಿ. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದಕ್ಕಿಂತ ಮೊದಲೇ, 2022ರಿಂದ, ರಿಸರ್ವ್ ಬ್ಯಾಂಕಿನ ನಿಯಮ ಇದೆ. ವರ್ಷಕ್ಕೆ 3 ಲಕ್ಷದವರೆಗೆ ವರಮಾನ ಇರುವ ಮನೆಗೆ ಏನೂ ಅಡ ಇಡಿಸಿಕೊಳ್ಳದೆ ಕೊಡುವ ಸಾಲವೇ ಮೈಕ್ರೋ ಫೈನಾನ್ಸ್ ಸಾಲ. ಆ ಮನೆಯ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ವಸೂಲಿಗೆ ಫೋನ್ ಮಾಡಿ ಕಾಡುವ ಹಾಗಿಲ್ಲ. ಅಂದ್ರೆ ತಿಂಗಳಿಗೆ 20,000 ಬರುವ ಮನೆಗೆ ಎಲ್ಲ ಸೇರಿ 10,000ಕ್ಕಿಂತ ಜಾಸ್ತಿ ಕಂತು ಬೀಳುವಷ್ಟು ಸಾಲ ಕೊಡುವಂತೆಯೇ ಇಲ್ಲ.

ಈ ಮಾತನ್ನು ನಾನು ಅಂಗಡಿ ಕಟ್ಟೆ ಮೇಲೆ ಹೇಳಿದಾಗ ನಕ್ಕರು. "ನಿಂಗ್ಯಾರು ಹೇಳಿದ್ರು? ವಸೂಲಿಗೆ ಬಂದವನು ನಮ್ಮ ಮನೆ ಮುಂದಿಂದ ರಾತ್ರಿ ಎಂಟಾದ್ರೂ ಎದ್ದಿರಲಿಲ್ಲ" ಅಂದರು. ನಿಯಮ ಬರೆದು ಮೂರು ವರ್ಷ ಆದ ಮೇಲೂ, ಯಾರಿಗೋಸ್ಕರ ಬರೆದರೋ ಅವರಿಗೇ ಗೊತ್ತಿಲ್ಲ. ಸಾಲ ಮಾರುವವನು ಮನೆ ಬಾಗಿಲಿಗೆ ಬಂದ, ಸಾಲದ ನಿಯಮ ಹೇಳುವವರು ಬರಲೇ ಇಲ್ಲ. ಇದು ಸರಿನಾ?

ಗಂಡು ಹುಡುಗರ ಕಥೆ ಇದಕ್ಕಿಂತ ಚೆನ್ನಾಗಿದೆ ಅಂದುಕೊಳ್ಳಬೇಡಿ. ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ನಿಷೇಧ ಮಾಡಿತು, ಒಳ್ಳೆಯದಾಯಿತು. ಷೇರು ಮಾರುಕಟ್ಟೆಯಲ್ಲಿ ಬೆಲೆ ಏರಿಳಿತದ ಮೇಲೆ ದುಡ್ಡು ಹಾಕುವ ಫ್ಯೂಚರ್ಸ್, ಆಪ್ಷನ್ ಅನ್ನುವುದು ಇನ್ನೂ ಇದೆ. ಅದರಲ್ಲಿ ಕೈ ಹಾಕಿದ ಸಣ್ಣವರಲ್ಲಿ ನೂರಕ್ಕೆ 93 ಜನ ಮೂರು ವರ್ಷದಲ್ಲಿ ದುಡ್ಡು ಕಳೆದುಕೊಂಡಿದ್ದಾರೆ ಅಂತ ಷೇರು ಮಾರುಕಟ್ಟೆ ನೋಡಿಕೊಳ್ಳುವ ಸೆಬಿಯೇ 2024ರಲ್ಲಿ ಹೇಳಿದೆ. ಹುಡುಗರಿಗೆ ಹೇಳಿದರೆ ಉಳಿದ ಏಳರಲ್ಲಿ ತಾನೂ ಒಬ್ಬ ಅಂತಾರೆ. ಅವರ ಬಗ್ಗೆ ಬೇರೆ ಪತ್ರವೇ ಬೇಕು.

ಡೈರಿ ಯಾಕೆ ಅಂತ ಈಗ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಬಸ್ ಬರದ ಊರು ಸಿಗಬಹುದು, ಡೈರಿ ಇಲ್ಲದ ಊರು ಸಿಗೋದು ಕಷ್ಟ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಕ್ಯಾನು ಹಿಡಿದು ಜನ ಬಂದೇ ಬರುತ್ತಾರೆ. ಮಳೆ ಬರಲಿ, ಮಾರಮ್ಮನ ಹಬ್ಬ ಇರಲಿ, ಬಂದ್ ಇರಲಿ, ಹಸು ಹಾಲು ಕೊಡೋದು ನಿಲ್ಲಿಸಲ್ಲ. ಹಾಲು ಹಾಕಿ ಸುಮ್ನೆ ಹೋಗುವುದೂ ಇಲ್ಲ, ಕಾಲು ಗಂಟೆ ನಿಂತು ಮಾತಾಡಿಯೇ ಹೋಗುವುದು. ಒಂದು ಸ್ಯಾಂಪಲ್ ತೆಗೆದು ಮಿಷನ್‌ಗೆ ಹಾಕಿದರೆ ಫ್ಯಾಟ್ ಎಷ್ಟು, ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಅಂದ್ರೆ ಎಸ್‌ಎನ್‌ಎಫ್ ಎಷ್ಟು ಅಂತ ಪಾಯಿಂಟ್ ಲೆಕ್ಕದಲ್ಲಿ ಬರುತ್ತದೆ. ಒಂದು ಪಾಯಿಂಟ್ ಕಮ್ಮಿ ಬಂದರೆ "ನಿನ್ನೆ ಹಿಂಡಿ ಕಮ್ಮಿ ಹಾಕಿದ್ಯಾ" ಅಂತ ಸೆಕ್ರೆಟರಿ ಕೇಳುತ್ತಾರೆ. ಹಸುವಿನ ಕಿವಿಗೆ 12 ಅಂಕಿಯ ಹಳದಿ ಓಲೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಕೊಟ್ಟಿಗೆಗೇ ಬಂದು ಲಸಿಕೆ ಹಾಕುತ್ತಾರೆ. ವಿಮೆ ಇದೆ. ಲೀಟರಿಗೆ ಇಷ್ಟು ಅಂತ ಪ್ರೋತ್ಸಾಹಧನ ಇದೆ. ಹಸುವಿನ ಬಗ್ಗೆ ನನಗೆ ಹೊಟ್ಟೆಕಿಚ್ಚೇನಿಲ್ಲ. ಆದರೆ ದಿನಾ ಎರಡು ಸಲ ಹಸುವಿನ ಹಾಲನ್ನು ಅಳೆಯುವ ಜಾಗದಲ್ಲಿ, ಆ ಹಾಲು ಕರೆದು ತಂದ ಹೆಂಗಸಿನ ಬಿಪಿಯನ್ನು ವರ್ಷಕ್ಕೊಂದು ಸಲನೂ ಯಾರೂ ಅಳೆಯಲ್ಲ ಅನ್ನೋದು ನಿಮಗೆ ವಿಚಿತ್ರ ಅನ್ನಿಸಲ್ವಾ?

ಡೈರಿ ಬರೀ ಹಾಲಿನ ಜಾಗವೂ ಅಲ್ಲ. ಅದು ಸಹಕಾರ ಸಂಘ. ಯಶಸ್ವಿನಿ ಬಂದದ್ದೇ ಸಹಕಾರ ಸಂಘಗಳ ದಾರಿಯಲ್ಲಿ. 2003ರಲ್ಲಿ, ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ, ಡಾ. ದೇವಿಶೆಟ್ಟಿ ಅವರ ಯೋಚನೆಯಿಂದ ಶುರುವಾದ ಯೋಜನೆ ಅದು. ಆಗ ತಲೆಗೆ ತಿಂಗಳಿಗೆ 5 ರೂಪಾಯಿ. ಒಂದು ಕಾಫಿ ದುಡ್ಡಿಗೆ ಹಾರ್ಟ್ ಆಪರೇಷನ್ ಅಂತ ಜನ ನಂಬಲಿಲ್ಲ, ಆಮೇಲೆ ಆಪರೇಷನ್ ಆಗಿ ಬಂದವರನ್ನು ನೋಡಿ ನಂಬಿದರು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದ ಜೊತೆ ಸೇರಿಸಿ ಇಲ್ಲದಂತೆ ಮಾಡಿದರು, ಸಹಕಾರಿಗಳು ಕೇಳಿ ಕೇಳಿ 2022ರಲ್ಲಿ ಮತ್ತೆ ತಂದರು. ಈಗ ಹಳ್ಳಿ ಕಡೆ ನಾಲ್ಕು ಜನದ ಮನೆಗೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ಪಾಲನ್ನು ಸರ್ಕಾರವೇ ಕಟ್ಟುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್‌ನಲ್ಲಿ ಬೇರೆ 5 ಲಕ್ಷ ಇದೆ, ಖಾಸಗಿ ಆಸ್ಪತ್ರೆಗೆ ಹೋಗಬೇಕು ಅಂದ್ರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಯಾವುದಕ್ಕೆ ಯಾವ ಕಾರ್ಡು, ಯಾವ ಆಸ್ಪತ್ರೆ, ಯಾವ ಚೀಟಿ ಅನ್ನೋದು ಜನಕ್ಕೆ ಗೊತ್ತಾಗುವುದು ಆಂಬುಲೆನ್ಸ್ ಹತ್ತಿದ ಮೇಲೆ. ಆಗ ಹೊಲದ ಪಹಣಿ ಹಿಡಿದು ಬಡ್ಡಿಯವನ ಮನೆಗೆ ಓಡುತ್ತಾರೆ.

ಡೈರಿ ಸದಸ್ಯತ್ವ ಇರೋದು ಗಂಡನ ಹೆಸರಲ್ಲಿ, ಸಗಣಿ ಬಾಚಿ ಹಾಲು ಕರೆಯುವುದು ಹೆಂಡತಿ. ಮಹಿಳಾ ಸಂಘಗಳ ಡೈರಿ ಇರುವ ಊರುಗಳನ್ನು ಬಿಟ್ಟರೆ ಇದೇ ಪರಿಸ್ಥಿತಿ. ಟೇಬಲ್ ಹಾಕಿದ ದಿನ, ಸದಸ್ಯತ್ವ ಬೇಕು ಅನ್ನುವ ಹೆಂಗಸರ ಅರ್ಜಿಯನ್ನೂ ಅಲ್ಲೇ ತೆಗೆದುಕೊಳ್ಳಿ. ಡೈರಿ ಎಲೆಕ್ಷನ್ ರಾಜಕೀಯ ಬಲ್ಲವರಿಗೆ ಇದು ಸುಲಭ ಅಲ್ಲ ಅಂತ ಗೊತ್ತು. ಆದರೂ ಕೇಳುತ್ತೇನೆ.

ನೀವು ಏನು ಹೇಳುತ್ತೀರಿ ಅಂತಲೂ ಊಹೆ ಮಾಡಬಲ್ಲೆ.

ಮನೆ ಮನೆಗೆ ಹೋಗುವ ಗೃಹ ಆರೋಗ್ಯ ಯೋಜನೆ ಇದೆಯಲ್ಲ ಅನ್ನುತ್ತೀರಿ. ಇದೆ, 2024ರಲ್ಲಿ ಕೋಲಾರದಲ್ಲಿ ಶುರುವಾಯಿತು, ಯೋಚನೆ ಚೆನ್ನಾಗಿದೆ. ಆದರೆ ಆಶಾ ಅಕ್ಕ ಬಾಗಿಲು ತಟ್ಟುವ ಹೊತ್ತಿಗೆ ಮನೆಯಲ್ಲಿ ಇರೋದು ಒಂದು ನಾಯಿ, ಒಬ್ಬ ತಾತ. ತಾತನ ಬಿಪಿ ಮಾತ್ರ ಊರಿಗೆಲ್ಲ ಗೊತ್ತು. ದುಡಿಯುವ ವಯಸ್ಸಿನವರು ಸಿಗುವುದು ಬೆಳಿಗ್ಗೆ ಎಂಟರ ಒಳಗೆ, ಇಲ್ಲ ರಾತ್ರಿ. ಆಶಾ ಅಕ್ಕಂದಿರ ಮೇಲೆ ಇನ್ನೊಂದು ಕೆಲಸ ಹೇರಬೇಡಿ, ಅವರಿಗೆ ಕೊಡುವ ಗೌರವಧನಕ್ಕೇ ಅವರು ಬೀದಿಗಿಳಿದು ಕೇಳಬೇಕಾಗಿದೆ. ಟೇಬಲ್ಲಿಗೆ ಆರಕ್ಕೆ ಬಂದ ಸಿಬ್ಬಂದಿಗೆ ಮಧ್ಯಾಹ್ನ ಮನೆಗೆ ಹೋಗಲು ಬಿಡಿ, ಅಷ್ಟೇ ತಾನೇ.

ಎಲ್ಲರ ಮನೆಯಲ್ಲೂ ಹಸು ಇದೆಯಾ ಅಂತ ಕೇಳುತ್ತೀರಿ. ಇಲ್ಲ. ಊರೆಲ್ಲ ಡೈರಿಗೆ ಬರುತ್ತದೆ ಅಂತ ನಾನು ಸುಳ್ಳು ಹೇಳಲ್ಲ. ಭೂಮಿ ಇಲ್ಲದವರು, ಹಸು ಕಟ್ಟೋದಕ್ಕೆ ಜಾಗವೂ ಇಲ್ಲದವರು ಬರಲ್ಲ, ಕೆಲವು ಊರಲ್ಲಿ ಯಾಕೆ ಬರಲ್ಲ ಅನ್ನೋದಕ್ಕೆ ಬೇರೆ ಕಾರಣವೂ ಇದೆ, ಅದು ನಿಮಗೂ ಗೊತ್ತು. ಅದಕ್ಕೇ ಏಳು ಗಂಟೆಗೆ ಅದೇ ಟೇಬಲನ್ನು ಎತ್ತಿಕೊಂಡು ಗಾರ್ಮೆಂಟ್ಸ್ ಬಸ್ ನಿಲ್ಲುವ ಜಾಗಕ್ಕೆ, ಕೂಲಿಯವರು ಗೂಡ್ಸ್ ಆಟೋ ಹತ್ತುವ ಜಾಗಕ್ಕೆ ಹೋಗಬೇಕು. ಬಿಪಿ ನೋಡೋದಕ್ಕೆ ಎರಡು ನಿಮಿಷ ಸಾಕು. ಮುಂದಿನ ತಿಂಗಳು ಮೊದಲು ಅಲ್ಲಿಂದಲೇ ಶುರು ಮಾಡಿ.

ಡಾಕ್ಟರ್ ಇಲ್ಲದೆ ಹೇಗೆ ಅನ್ನುತ್ತೀರಿ. ಮೊದಲ ಸಲ ನೋಡೋದಕ್ಕೆ ಡಾಕ್ಟರ್ ಬೇಕಿಲ್ಲ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಇರುವ ಸಮುದಾಯ ಆರೋಗ್ಯ ಅಧಿಕಾರಿಗಳು ಈ ಕೆಲಸವನ್ನು ದಿನಾ ಮಾಡುತ್ತಾರೆ. 140/90 ದಾಟಿದವರ ಹೆಸರು ಬರೆದುಕೊಂಡು ಮತ್ತೊಂದು ದಿನ ನೋಡಿ, ಮತ್ತೂ ಜಾಸ್ತಿ ಇದ್ದರೆ ಡಾಕ್ಟರ್ ಹತ್ತಿರ ಕಳಿಸಿ. ಮಾತ್ರೆ ಶುರುವಾದವರಿಗೆ ಮುಂದಿನ ತಿಂಗಳಿನದನ್ನು ಅಲ್ಲೇ ಕೈಗೆ ಕೊಡಿ. ಪೂರ್ತಿ ಪಟ್ಟಿ, ಕತ್ತರಿಸದೆ.

ಇದರಿಂದ ನನ್ನ ವ್ಯಾಪಾರಕ್ಕೆ ಹೊಡೆತ ಬೀಳುತ್ತದೆ ಅನ್ನೋದು ಗೊತ್ತಿದೆ. ಮನೆಯಲ್ಲಿ ಹೆಂಡತಿ ಈ ಪತ್ರ ಓದಿ "ನಿಮಗೇನು ಹುಚ್ಚಾ" ಅಂದಳು. ಕೆಮ್ಮು, ಜ್ವರ, ಮಕ್ಕಳ ಡೈಪರ್ ಇರುವವರೆಗೆ ಮೆಡಿಕಲ್ ನಡೆಯುತ್ತದೆ ಬಿಡಿ.

ವಯಸ್ಸಾದವರ ವಿಷಯವನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ಪ್ರಧಾನಿ ಬಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಮಾಡಿದಾಗ, ಇನ್ನು ಮಕ್ಕಳು ಬೆಂಗಳೂರಿಂದ ವಾರ ವಾರ ಬರುತ್ತಾರೆ ಅಂತ ನಮ್ಮ ಬೀದಿ ಅಜ್ಜಿಯೊಬ್ಬರು ಲೆಕ್ಕ ಹಾಕಿದ್ದರು. ಮಕ್ಕಳು ಬರುತ್ತಾರೆ, ಒಂದು ಗಂಟೆ ಇದ್ದು ತೆಂಗಿನಕಾಯಿ ಕಾರಿನ ಡಿಕ್ಕಿಗೆ ತುಂಬಿಕೊಂಡು ಮೈಸೂರಿಗೆ ಹೋಗುತ್ತಾರೆ. ಬೇಗ ಬರುವ ದಾರಿ ಬೇಗ ಹೋಗುವ ದಾರಿಯೂ ಆಯಿತು. ಪ್ರಪಂಚದಲ್ಲಿ ಆರು ಜನಕ್ಕೆ ಒಬ್ಬರಿಗೆ ಒಂಟಿತನ ಕಾಡುತ್ತಿದೆ, ಅದಕ್ಕೂ ಹೃದಯದ ಕಾಯಿಲೆ, ಸ್ಟ್ರೋಕ್, ಸಕ್ಕರೆ ಕಾಯಿಲೆಗೂ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ. ವರದಿ ಬರುವ ಮೊದಲೇ ನಮ್ಮ ಅಜ್ಜಿಗೆ ಅದು ಗೊತ್ತಿತ್ತು. ಹಸು ಮಾರಿ ಆಗಿದೆ, ಹಾಲು ಹಾಕುವುದಿಲ್ಲ. ಆದರೂ ಬೆಳಿಗ್ಗೆ ಅರ್ಧ ಲೀಟರ್ ಕೊಳ್ಳುವ ನೆಪದಲ್ಲಿ ಡೈರಿಗೆ ಬರುತ್ತಾರೆ, ಏಳರವರೆಗೆ ಕೂರುತ್ತಾರೆ. ಮನೆ ಪಕ್ಕದ ಅಂಗಡಿಯಲ್ಲೇ ಪ್ಯಾಕೆಟ್ ಸಿಗುತ್ತದೆ, ಅದು ಬೇಡವಂತೆ. ಅವರಿಗೆ ಹೊಸ ಯೋಜನೆ ಬೇಕಿಲ್ಲ ಸ್ವಾಮಿ, ಡೈರಿ ಮುಂದೆ ಒಂದು ಕಲ್ಲು ಬೆಂಚು ಬೇಕು. ಪಂಚಾಯಿತಿಗೆ ಹೇಳಿ ಅದೊಂದು ಹಾಕಿಸಿ.

ಒಂದೇ ತಿಂಗಳಲ್ಲಿ ಇಡೀ ಜಿಲ್ಲೆಗೆ ಮಾಡಿ ಅಂತಿಲ್ಲ. ಒಂದು ಹೋಬಳಿ ತೆಗೆದುಕೊಳ್ಳಿ, ಆರು ತಿಂಗಳು ನಡೆಸಿ. ಎಷ್ಟು ಜನಕ್ಕೆ ಬಿಪಿ ಇದೆ ಅಂತ ಹೊಸದಾಗಿ ಗೊತ್ತಾಯಿತು, ಎಷ್ಟು ಜನ ಆರನೇ ತಿಂಗಳಲ್ಲೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಎಷ್ಟು ಹೆಂಗಸರು ಸಂಘದ ಸಾಲದ ಪಾಸ್‌ಬುಕ್ ತಂದು ತೋರಿಸಿದರು, ಇಷ್ಟನ್ನು ಡೈರಿ ಬೋರ್ಡಿನ ಮೇಲೇ ಬರೆದು ಹಾಕಿ, ಹೆಸರು ಬೇಡ, ಲೆಕ್ಕ ಸಾಕು. ಫ್ಯಾಟ್ ರೇಟ್ ಪಕ್ಕದಲ್ಲಿ ಜನ ಅದನ್ನೂ ಓದುತ್ತಾರೆ.

ಸೋಮವಾರ ಇಟ್ಟುಕೊಂಡರೆ ಒಳ್ಳೆಯದು. ಅವತ್ತು ಎತ್ತಿಗೆ ನೇಗಿಲು ಕಟ್ಟದ ಮನೆಗಳು ನಮ್ಮ ಕಡೆ ಇನ್ನೂ ಇವೆ, ಗಂಡಸರು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ತಮಟೆ ಹೊಡೆಸೋದು, ಬ್ಯಾನರ್ ಕಟ್ಟೋದು ಏನೂ ಬೇಡ, ಹಿಂದಿನ ದಿನ ಸಂಜೆ ಡೈರಿ ಸೆಕ್ರೆಟರಿಗೆ ಒಂದು ಫೋನ್ ಮಾಡಿ, ಹಾಲು ಹಾಕಿಸಿಕೊಳ್ಳುವಾಗ ಅವರೇ ಎಲ್ಲರಿಗೂ ಹೇಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಮಾತ್ರ ಮರೆಯದೆ ಹೇಳಿಸಿ. ಹತ್ತು ಗಂಟೆಗೆ ಆಸ್ಪತ್ರೆಗೆ ಬಂದವರಲ್ಲಿ ಫಾಸ್ಟಿಂಗ್ ಶುಗರ್ ನೋಡೋದು ನಿಮಗೂ ಕಷ್ಟ, ಆರು ಗಂಟೆಗೆ ಅದು ಸುಲಭ. ಹೇಳದಿದ್ದರೆ ನಮ್ಮವರು ಬೆಲ್ಲದ ಕಾಫಿ ಕುಡಿದೇ ಬರುತ್ತಾರೆ.

ಇಂತಿ,
ಮದ್ದೂರು ಕಡೆಯ ಒಬ್ಬ ಮೆಡಿಕಲ್ ಶಾಪಿನವನು